ಮಕ್ಕಳ ಕೋಣೆಯ ಮರಸಾಮಾನು

ಕಳೆದ ವರ್ಷ ಮಗಳು ತನ್ನ ಕೂಸನ್ನೆತ್ತಿಕೊಂಡು ಶಿವಮೊಗ್ಗಕ್ಕೆ ಬರುತ್ತಾಳೆಂದು ಗೊತ್ತಾದಾಗ, ದುರ್ಗಿಗುಡಿಯ ನಮ್ಮ ಮನೆಯಲ್ಲಿ ಹಿಂದೆಂದೂ ಏಳದ ಪ್ರಶ್ನೆಯೊಂದು ಎದ್ದಿತು. ಮಗುವಿಗೆ ಒಂದು ಕೋಣೆ ಬೇಕಂತೆ. ಕೋಣೆಗೆ ತಕ್ಕ ಸಾಮಾನು ಬೇಕಂತೆ. ನಾವು ಐದು ಮಂದಿ ಮಕ್ಕಳು ಬೆಳೆದ ಮನೆ ಇದು. ನಮಗೆ ಯಾರೂ ಕೋಣೆ ಕೊಟ್ಟಿರಲಿಲ್ಲ. ಆದರೂ ಬೆಳೆದೆವು ಎಂದು ಹೇಳಿ ನಾನು ಜಾರಿಕೊಳ್ಳಬಹುದಾಗಿತ್ತು. ಹಾಗೆ ಹೇಳಲು ಬಾಯಿ ಬರಲಿಲ್ಲ. ಕಾರಣ ಮುಂದೆ ತಿಳಿದೀತು.

ಮಲೆನಾಡಿನ ತೊಟ್ಟಿಮನೆಯಲ್ಲಿ ದೇವರಿಗೆ ಕೋಣೆಯಿತ್ತು, ಬಾಣಂತಿಗೆ ಕೋಣೆಯಿತ್ತು, ಭತ್ತಕ್ಕೆ ಕಣಜವಿತ್ತು. ಮಕ್ಕಳಿಗೆ ಮಾತ್ರ ಪ್ರತ್ಯೇಕ ಕೋಣೆಯಿರಲಿಲ್ಲ. ಇಡೀ ಮನೆಯೇ ಅವರದು. ಅವರಿಗೆಂದೇ ಇದ್ದ ಸಾಮಾನು ಬೆರಳೆಣಿಕೆಯಷ್ಟು: ತೊಲೆಗೆ ನೇತುಹಾಕಿದ ತೊಟ್ಟಿಲು, ನಡಿಗೆ ಕಲಿಯಲು ಮೂರು ಚಕ್ರದ ತಳ್ಳುಗಾಡಿ, ಕೂರಲು ಪುಟ್ಟ ಮಣೆ, ಬರೆಯಲು ಕಪ್ಪು ಬಳಿದ ಹಲಗೆ. ತೊಟ್ಟಿಲಲ್ಲಿ ಮಲಗುವ ವಯಸ್ಸು ಕಳೆದರೆ ಚಾಪೆ. ಚಾಪೆಯಿಂದ ಯಾವ ಮಗುವೂ ಬಿದ್ದು ಪೆಟ್ಟು ಮಾಡಿಕೊಂಡದ್ದಿಲ್ಲ ಎಂಬುದನ್ನು ಅದರ ಪರವಾಗಿ ಹೇಳಲೇಬೇಕು.

ಈ ಮಿತವ್ಯಯ ಮರದ ಅಭಾವದಿಂದ ಬಂದದ್ದಲ್ಲ. ಬೀಟೆ, ತೇಗ, ಹೊನ್ನೆ, ಮತ್ತಿ, ನಂದಿ, ಹಲಸು ಇವೆಲ್ಲ ನಮ್ಮ ಕಾಡಿನವೇ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿತು. ಮರ ಊರು ಬಿಟ್ಟು ಹೋಗುವುದಕ್ಕೂ, ಹೊರಗಿನ ಕುರ್ಚಿ ಮೇಜುಗಳ ಮಾದರಿ ಊರೊಳಕ್ಕೆ ಬರುವುದಕ್ಕೂ ಅದೊಂದೇ ದಾರಿಯಾಯಿತು. ವಿಯೆನ್ನಾದ ಥೋನೆಟ್ ಎಂಬವನು ಮರವನ್ನು ಹಬೆಯಲ್ಲಿ ಬಾಗಿಸಿ 1859ರಲ್ಲಿ ಮಾಡಿದ ಕುರ್ಚಿಯ ಬಗೆಯವು ನಮ್ಮ ಹೋಟೆಲುಗಳಿಗೂ ವಕೀಲರ ಪಡಸಾಲೆಗಳಿಗೂ ಬಂದವು. ಆದರೆ ದೊಡ್ಡವರು ಕುರ್ಚಿ ಹತ್ತಿದ ಮೇಲೂ ಮಕ್ಕಳು ನೆಲದ ಮೇಲೆಯೇ ಉಳಿದರು.

ಮಕ್ಕಳ ಅಳತೆಗೆ ಮೇಜು ಕುರ್ಚಿ ಮಾಡಬೇಕೆಂಬ ವಿಚಾರ ಬೇರೆ ದಿಕ್ಕಿನಿಂದ ಬಂದದ್ದು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಾರಿಯಾ ಮಾಂಟೆಸರಿ ತನ್ನ ಮಕ್ಕಳ ಮನೆಯನ್ನು ತೆರೆದಾಗ, ನೆಲಕ್ಕೆ ಬಿಗಿದ ಶಾಲೆಯ ಬೆಂಚುಗಳನ್ನು ಬೇಡವೆಂದಳು. ಮಗು ತಾನೇ ಎತ್ತಿ ಸರಿಸುವಷ್ಟು ಹಗುರಾದ ಮೇಜುಗಳನ್ನು ಮಾಡಿಸಿದಳು. ಕುರ್ಚಿ ಉರುಳಿ ಸದ್ದಾದರೆ ಆಗಲಿ, ಮೆಲ್ಲನೆ ನಡೆಯುವುದನ್ನು ಮಗು ಅದರಿಂದಲೇ ಕಲಿಯುತ್ತದೆ ಎಂಬುದು ಆಕೆಯ ವಾದ. 1939ರಲ್ಲಿ ಮದರಾಸಿನ ಅಡಯಾರಿಗೆ ಬಂದ ಆಕೆ, ಯುದ್ಧದ ಕಾರಣದಿಂದ 1946ರವರೆಗೆ ಭಾರತದಲ್ಲಿಯೇ ಉಳಿದಳು. ಆಕೆಯ ಕೈಕೆಳಗೆ ಕಲಿತ ಉಪಾಧ್ಯಾಯರು ದೇಶದ ಮೂಲೆಮೂಲೆಗೆ ಹೋದರು. ಶಿಶುವಿಹಾರಗಳಲ್ಲಿ ಕಾಣುವ ಗಿಡ್ಡ ಮೇಜಿನ ಹಿಂದೆ ಇಷ್ಟು ಕಥೆಯಿದೆ.

ಇನ್ನು ನಮ್ಮ ಮನೆಯ ಮಾತು. ಅಟ್ಟ ಹತ್ತಿ ನೋಡಿದರೆ ಅಲ್ಲಿ ಮೂರು ಕಾಲದ ಮೂರು ವಸ್ತುಗಳು ದೂಳು ಹೊದ್ದು ಮಲಗಿದ್ದವು.

ಮೊದಲನೆಯದು ಬೀಟೆಯ ತೊಟ್ಟಿಲು. ಅಜ್ಜಿಯ ತವರಿನಿಂದ ಬಂದದ್ದು, ನೂರು ವರ್ಷ ಮೀರಿದ್ದು. ಒಂದು ಮೊಳೆಯೂ ಇಲ್ಲ. ಕಚ್ಚು ಕೊರೆದು ಬೆಣೆ ಹೊಡೆದು ಕೂಡಿಸಿದ ಕೆಲಸ. ಇಂದಿಗೂ ಅಲುಗಿಸಿದರೆ ಕಿರ್ ಎನ್ನುವುದಿಲ್ಲ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಎರಡು ಬಾರಿ ಬಂದು ಬೆಲೆ ಕೇಳಿ ಹೋಗಿದ್ದ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲ ವಸ್ತುವನ್ನು ನಮ್ಮ 1972ರ ಕಾನೂನು ಪ್ರಾಚೀನ ವಸ್ತುವೆಂದೇ ಕರೆಯುತ್ತದೆ, ದೇಶದಾಚೆ ಸಾಗಿಸುವಂತಿಲ್ಲ. ಮನೆಯಲ್ಲಿ ಬಳಸಲು ಅಡ್ಡಿಯಿಲ್ಲ.

ಎರಡನೆಯದು ಭದ್ರಾವತಿಯ ಮೇಜು. ನಮ್ಮ ತಂದೆ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಬೆಂಕಿಪುರವೆಂದು ಹಿಂದೆ ಹೆಸರಿದ್ದ ಊರು ವಿಶ್ವೇಶ್ವರಯ್ಯನವರ ಯೋಜನೆಯಿಂದ ಕಾರ್ಖಾನೆಯ ಊರಾಯಿತು. 1923ರಲ್ಲಿ ಕೆಲಸ ಆರಂಭಿಸಿದ ಆ ಕುಲುಮೆಗೆ ಕಲ್ಲಿದ್ದಲಿಲ್ಲ. ಕಾಡಿನ ಸೌದೆಯನ್ನು ಸುಟ್ಟ ಇದ್ದಲೇ ಅದರ ಆಹಾರ. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಮರದ ಭಟ್ಟಿಯ ಮಾತಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರ, ಎರಡೂ ಸೇರಿ ಕಬ್ಬಿಣವಾಯಿತು. ಹೀಗೆ ನಮ್ಮ ಕಡೆ ತೊಟ್ಟಿಲಿಗೂ ಕಬ್ಬಿಣದ ಮಂಚಕ್ಕೂ ತಾಯಿಬೇರು ಒಂದೇ ಕಾಡು. ತಂದೆ ಸಂತೆಯಲ್ಲಿ ಕೊಂಡ ಖಾಲಿ ಪೆಟ್ಟಿಗೆಗಳ ಹಲಗೆಯಿಂದ ಪರಿಚಯದ ಬಡಗಿ ಮಾಡಿಕೊಟ್ಟ ಗಿಡ್ಡ ಮೇಜು ಅದು. ಚೆಂದವೇನಿಲ್ಲ. ನಾವೈವರೂ ಅದರ ಮೇಲೆ ಮಗ್ಗಿ ಬರೆದೆವು.

ಮೂರನೆಯದು ಕಬ್ಬಿಣದ ಸರಳಿನ ಮಕ್ಕಳ ಮಂಚ. ನನ್ನ ತಮ್ಮನಿಗೆಂದು ತಂದೆ 1959ರಲ್ಲಿ ಮಾಡಿಸಿದ್ದು. ಆ ಕಾಲಕ್ಕೆ ಅದು ಹೊಸತನದ ಗುರುತು. ಕ್ವಾರ್ಟರ್ಸಿನ ನೆರೆಹೊರೆಯವರು ನೋಡಲು ಬಂದಿದ್ದರು. ಒಂದು ಮಧ್ಯಾಹ್ನ ತಮ್ಮ ಮೈಯನ್ನು ಸರಳುಗಳ ನಡುವೆ ತೂರಿಸಿದ, ತಲೆ ಸಿಕ್ಕಿಕೊಂಡಿತು. ಕಾಲು ನೆಲಕ್ಕೆ ಎಟುಕದು, ಕೂಗಲು ಉಸಿರಿಲ್ಲ. ಅಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ನೋಡಿದವನು ಆರು ವರ್ಷದ ನಾನು. ಪಕ್ಕದ ಮನೆಯವರು ಗಡಾರಿ ತಂದು ಸರಳನ್ನು ಬಾಗಿಸುವಷ್ಟರಲ್ಲಿ ಮಗುವಿನ ಮುಖ ನೀಲಿಗಟ್ಟಿತ್ತು. ಬದುಕಿದ. ಕಿವಿಯ ಹಿಂದಿನ ಗಾಯದ ಕಲೆ ಇಂದಿಗೂ ಇದೆ. ಅಂದೇ ಮಂಚ ಅಟ್ಟ ಸೇರಿತು. ಅಮ್ಮ ಅದನ್ನು ಮಾರಲೂ ಒಪ್ಪಲಿಲ್ಲ. ಬೇರೆ ಮನೆಯ ಮಗುವಿಗೆ ಹಾಗಾಗಬಾರದು ಎಂದಳು.

ಮೈ ಹಿಡಿಸಿದಲ್ಲಿ ಕೂಸಿನ ತಲೆ ಹಿಡಿಸುವುದಿಲ್ಲ ಎಂಬುದೇ ಈ ಅಪಾಯದ ಗುಟ್ಟು. ಅಮೆರಿಕದಲ್ಲಿಯೂ ಇಂಥ ಸಾವುಗಳು ಸಂಭವಿಸಿದ ಮೇಲೆಯೇ, 1974ರಿಂದ ಮಕ್ಕಳ ಮಂಚದ ಸರಳುಗಳ ನಡುವಣ ಅಂತರ ಸುಮಾರು 6 ಸೆಂಟಿಮೀಟರು ಮೀರಬಾರದೆಂದು ನಿಯಮವಾಯಿತು. ನಮ್ಮ ಮಂಚದಲ್ಲಿ ಅಳೆದೆ, 11 ಇತ್ತು.

ಮಂಚದ ಪ್ರಶ್ನೆ ಹೀಗೆ ಮುಗಿಯಿತು. ತೊಟ್ಟಿಲಾದರೂ ಇರಲಿ ಎಂದು ಕೆಳಗಿಳಿಸಿ ಒರೆಸಿದೆ. ತಂದೆ 1957ರಲ್ಲಿ, ತಮ್ಮ ಹುಟ್ಟುವ ಮೊದಲು, ಅದಕ್ಕೆ ಹಸಿರು ಬಣ್ಣ ಬಳಿದಿದ್ದರು. ಅಂಚಿನ ಪಟ್ಟಿಯ ಮೇಲೆ, ಬಣ್ಣ ಚಕ್ಕೆ ಎದ್ದಲ್ಲಿ, ಒಂದೇ ಸಾಲಿನಲ್ಲಿ ಸಣ್ಣ ಸಣ್ಣ ಕುಳಿಗಳು ಕಂಡವು. ಹಲ್ಲಿನ ಗುರುತು! ಬಣ್ಣದ ಕೆಳಗಿನ ಮರದಲ್ಲಿಯೂ ಇದ್ದವು, ಬಣ್ಣದ ಮೇಲೂ ಇದ್ದವು. ಕೆಳಗಿನವು ತಂದೆಯವೋ ಅತ್ತೆಯರವೋ, ನನ್ನವೂ ಇರಬಹುದು. ಮೇಲಿನವು ತಮ್ಮನವು, ತಂಗಿಯರವು. ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಏಕೆಂದರೆ ಆ ಕಾಲದ ಎಷ್ಟೋ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಸೀಸ ಸಿಹಿ; ಮಗು ಒಮ್ಮೆ ನೆಕ್ಕಿದರೆ ಮತ್ತೆ ನೆಕ್ಕುತ್ತದೆ. ಬೆಳೆಯುವ ಮಿದುಳಿಗೆ ಅದು ವಿಷ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಗಿಬ್ಸನ್ ಎಂಬ ವೈದ್ಯ, ಮಕ್ಕಳ ವಿಚಿತ್ರ ಕಾಯಿಲೆಗೆ ಕಾರಣ ಜಗಲಿ ಕಟಾಂಜನದ ಬಣ್ಣವೆಂದು 1904ರಲ್ಲಿಯೇ ತೋರಿಸಿಕೊಟ್ಟಿದ್ದ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಗೊತ್ತಾಗುವುದಕ್ಕೂ ನಿಲ್ಲಿಸುವುದಕ್ಕೂ ನಡುವೆ ನೂರು ವರ್ಷ ಕಳೆಯಿತು. ಪ್ರೀತಿಯಿಂದ ಬಣ್ಣ ಬಳಿದ ತಂದೆಯ ತಪ್ಪೇನಿದೆ?

ಹಾಗೆಂದು ಹೊಸದೆಲ್ಲ ನಿರಪಾಯವೆಂದು ತಿಳಿಯಬೇಡಿ. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿದ ಹಲಗೆಯ ಬೀರುಗಳು ನೋಡಲು ನಯ. ಆದರೆ ಕೆಲವು ಅಂಟುಗಳಿಂದ ಫಾರ್ಮಾಲ್ಡಿಹೈಡ್ ಎಂಬ ಕಣ್ಣುರಿಸುವ ಅನಿಲ ತಿಂಗಳುಗಟ್ಟಲೆ ಹೊರಡುತ್ತದೆ. ಸೆಳೆಖಾನೆಗಳನ್ನು ಮೆಟ್ಟಿಲೆಂದು ತಿಳಿದು ಮಗು ಹತ್ತಿದರೆ ಹಗುರ ಬೀರು ಮುಂದಕ್ಕೆ ಉರುಳುತ್ತದೆ. ಅಮೆರಿಕದಲ್ಲಿ ಇಂಥ ಸಾವುಗಳಾದ ಬಳಿಕ 2016ರಲ್ಲಿ ಒಂದೇ ಕಂಪನಿ 2 ಕೋಟಿ 90 ಲಕ್ಷ ಬೀರುಗಳನ್ನು ವಾಪಸು ಕರೆಯಬೇಕಾಯಿತು. ಬೀರುವನ್ನು ಗೋಡೆಗೆ ಬಿಗಿಯಲು ಬೇಕಾದದ್ದು ಎರಡು ಮೊಳೆ, ಒಂದು ಪಟ್ಟಿ. ಹಳತಿಗೆ ಅದರ ಕಾಲದ ಅಜ್ಞಾನ ಅಂಟಿರುತ್ತದೆ, ಹೊಸತಿಗೆ ನಮ್ಮ ಕಾಲದ್ದು.

ಕೊನೆಗೆ ನಾವು ಮಾಡಿದ್ದಿಷ್ಟು. ತೊಟ್ಟಿಲ ಬಣ್ಣವನ್ನು ಬಡಗಿಯ ಕೈಯಲ್ಲಿ ತೆಗೆಸಿದೆವು. ಒಣ ಉಜ್ಜಿದರೆ ಸೀಸದ ದೂಳು ಮನೆಯೆಲ್ಲ ಹರಡುತ್ತದಾದ್ದರಿಂದ, ಹಿತ್ತಲಲ್ಲಿ ನೀರು ಹಾಕಿ ಹೆರೆಸಿ, ಹೊಟ್ಟನ್ನು ಕಟ್ಟಿ ದೂರ ಮಾಡಿದ್ದಾಯಿತು. ಒಳಗಿನ ಬೀಟೆ ಕೆಂಗಪ್ಪಾಗಿ ಹೊಳೆಯಿತು. ಬಣ್ಣದ ಮೇಲಿನ ಹಲ್ಲಿನ ಗುರುತು ಹೋದವು, ಕೆಳಗಿನವು ಉಳಿದವು. ಅದನ್ನು ಪಡಸಾಲೆಯ ತೊಲೆಗೆ ಕಟ್ಟಿದೆವು. ನಾಮಕರಣದ ದಿನ ಶಾಸ್ತ್ರಕ್ಕೆ ಒಂದು ಗಳಿಗೆ ಮಗುವನ್ನು ಮಲಗಿಸಿ ಎತ್ತಿಕೊಂಡೆವು. ಬಣ್ಣ ಕಾಣದ ಭದ್ರಾವತಿಯ ಮೇಜನ್ನು ಗೆದ್ದಲು, ಸೀಬು ನೋಡಿ, ಒರೆಸಿ, ಕಿಟಕಿಯ ಬಳಿ ಇಟ್ಟೆವು. ಅದರ ಕಾಲ ಬರಲು ಇನ್ನೂ ಮೂರು ವರ್ಷವಿದೆ. ಮಲಗಲು ಮಾತ್ರ ಹೊಸ ಮಂಚ ಕೊಂಡೆವು.

ಕಬ್ಬಿಣದ ಮಂಚವನ್ನು ಮುರಿದು ಗುಜರಿಗೆ ಹಾಕುವ ದಿನ ತಮ್ಮ ಬಂದಿದ್ದ. ಅವನಿಗೂ ಈಗ ಅರವತ್ತು ದಾಟಿದೆ. ಬಾಗಿದ ಸರಳನ್ನು ಒಂದು ಸಲ ಮುಟ್ಟಿ ನೋಡಿದ, ಏನೂ ಹೇಳಲಿಲ್ಲ. ಒಳಗೆ ಹೋಗಿ ಹೊಸ ಮಂಚದ ಸರಳುಗಳ ನಡುವೆ ಬೆರಳು ತೂರಿಸಿದ. ಮೂರು ಬೆರಳು ಹಿಡಿಸಿತು, ನಾಲ್ಕನೆಯದು ಹಿಡಿಸಲಿಲ್ಲ. ಒಂದೊಂದೇ ಸಂದಿಯನ್ನು ಹಾಗೆಯೇ ನೋಡುತ್ತ ಮಂಚದ ಸುತ್ತ ಬಂದು, "ಈಗ ಮಲಗಿಸಿ" ಎಂದ.