ಚಾಕುವಿನ ಗುರುತೇ ಅಲಂಕಾರ: ಸ್ಕ್ಯಾಂಡಿನೇವಿಯಾದ ಮರದ ಗೊಂಬೆಗಳು

ಮರದ ಗೊಂಬೆಯನ್ನು ಕೆತ್ತಿದ ಬಳಿಕ ಉಪ್ಪುಕಾಗದದಿಂದ ಉಜ್ಜಿ ನುಣುಪುಗೊಳಿಸುವುದು ಸಾಮಾನ್ಯ ವಾಡಿಕೆ. ಆದರೆ ಸ್ವೀಡನ್ ಮತ್ತು ನಾರ್ವೆಯ ಗ್ರಾಮೀಣ ಕೆತ್ತನೆಯ ಒಂದು ಪರಂಪರೆಯಲ್ಲಿ ಈ ಕೊನೆಯ ಹಂತವೇ ಇಲ್ಲ. ಚಾಕು ಹಾದುಹೋದ ಗುರುತುಗಳನ್ನು ಅಳಿಸದೆ ಹಾಗೆಯೇ ಉಳಿಸಿಕೊಳ್ಳುವ ಈ ಶೈಲಿಗೆ ಇಂಗ್ಲಿಷಿನಲ್ಲಿ 'ಫ್ಲಾಟ್ ಪ್ಲೇನ್' ಕೆತ್ತನೆ, ಅಂದರೆ ಸಮತಲ ಕೆತ್ತನೆ ಎಂಬ ಹೆಸರು ರೂಢಿಯಲ್ಲಿದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ತವರಿನಲ್ಲಿಯೇ ನಶಿಸುವ ಹಂತ ತಲುಪಿದ್ದ ಈ ಕಲೆಗೆ ಮರುಜೀವ ದೊರೆತದ್ದು ಸಾಗರದಾಚೆಯ ಅಮೆರಿಕದಲ್ಲಿ.

ಒಂದೇ ಚಾಕು

ಈ ಕೆತ್ತನೆಯ ಮುಖ್ಯ ಸಾಧನ ಮರದ ಹಿಡಿಯುಳ್ಳ ಒಂದು ಚಾಕು. ಆಲ್ಡರ್, ಲಿಂಡೆನ್, ಬರ್ಚ್ ಮೊದಲಾದ ಮರಗಳ ತುಂಡುಗಳನ್ನು ಬಳಸಲಾಗುತ್ತದೆ. ಅಮೆರಿಕದಲ್ಲಿ ಲಿಂಡೆನ್ ಜಾತಿಗೇ ಸೇರಿದ, ಮೃದುವಾದ ಬಾಸ್‌ವುಡ್ ಹೆಚ್ಚು ಪ್ರಚಲಿತ. ಕೋಟಿನ ಬೆನ್ನು, ಪ್ಯಾಂಟಿನ ಕಾಲು, ಟೋಪಿಯ ಅಂಚು ಇವೆಲ್ಲವೂ ಕೆಲವೇ ಅಗಲವಾದ ಹೆರೆತಗಳಲ್ಲಿ ಮೂಡುತ್ತವೆ. ಎರಡು ಸಮತಲಗಳು ಸೇರುವ ಏಣಿನ ಮೇಲೆ ಬೆಳಕು ಬಿದ್ದಾಗ ಬಟ್ಟೆಯ ಮಡಿಕೆ, ಬಾಗಿದ ಭುಜ ಸ್ಪಷ್ಟವಾಗಿ ಕಾಣಿಸುತ್ತವೆ. ಬಣ್ಣ ಹಚ್ಚುವುದಾದರೂ ಮರದ ಎಳೆಗಳು ಕಾಣುವಷ್ಟು ತೆಳುವಾಗಿ ಹಚ್ಚಲಾಗುತ್ತದೆ. ಉಜ್ಜಿ ತಿದ್ದುವ ಅವಕಾಶವಿಲ್ಲದ ಕಾರಣ ಪ್ರತಿಯೊಂದು ಹೆರೆತವನ್ನೂ ಮೊದಲೇ ಯೋಚಿಸಿ ಮಾಡಬೇಕಾಗುತ್ತದೆ. ನೋಡಲು ಒರಟೆನಿಸುವ ಈ ಗೊಂಬೆಗಳ ಕಷ್ಟ ಇರುವುದು ಇಲ್ಲಿಯೇ.

ಡೋಡರ್‌ಹುಲ್ಟ್‌ನ ಶಿಲ್ಪಿ

ಈ ಶೈಲಿಗೆ ಕಲಾಲೋಕದ ಮನ್ನಣೆ ತಂದುಕೊಟ್ಟವರಲ್ಲಿ ಪ್ರಮುಖರು ಆಕ್ಸೆಲ್ ಪೀಟರ್‌ಸನ್ (1868–1925). ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಪ್ರಾಂತ್ಯದ ಡೋಡರ್‌ಹುಲ್ಟ್‌ನವರಾದ ಇವರು ಊರಿನ ಹೆಸರಿನಿಂದಲೇ 'ಡೋಡರ್‌ಹುಲ್ಟಾರ್ನ್' ಎಂದು ಪ್ರಸಿದ್ಧರಾದರು. ಅರಸರಾಗಲಿ ದೇವತೆಗಳಾಗಲಿ ಇವರ ವಸ್ತುವಾಗಿರಲಿಲ್ಲ. ಬೆನ್ನು ಬಾಗಿದ ರೈತರು, ಮುದುಕಿಯರು, ಬಡಕಲು ಕುದುರೆಗಳು, ಶವಸಂಸ್ಕಾರಕ್ಕೆ ನೆರೆದ ಜನ, ಮದುವೆಯ ದಿಬ್ಬಣ, ಸೇನಾ ಭರ್ತಿಗೆ ಬೆತ್ತಲೆ ನಿಂತ ಹಳ್ಳಿಯ ಯುವಕರು ಇವರ ಚಾಕುವಿನಲ್ಲಿ ರೂಪ ಪಡೆದರು. ನಗೆ ತರಿಸುವ ಈ ಆಕೃತಿಗಳಲ್ಲಿ ಬಡತನದ ನೋವೂ ಅಡಗಿತ್ತು. 1909ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಪ್ರದರ್ಶನದ ನಂತರ ಇವರ ಖ್ಯಾತಿ ಹರಡಿತು. ಆಸ್ಕರ್‌ಶಾಮ್ನ್ ಪಟ್ಟಣದಲ್ಲಿ ಇವರ ಕೃತಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ವಲಸೆಯ ಜೊತೆಗೆ

19ನೇ ಶತಮಾನದ ಮಧ್ಯಭಾಗದಿಂದ 1930ರವರೆಗೆ ಸುಮಾರು 13 ಲಕ್ಷ ಸ್ವೀಡನ್ನರು ದೇಶ ತೊರೆದರು. ಅವರಲ್ಲಿ ಬಹುಪಾಲು ಜನ ಸೇರಿದ್ದು ಅಮೆರಿಕವನ್ನು. ಕೆತ್ತನೆಯೂ ಅವರೊಂದಿಗೆ ಸಾಗಿತು. ಓರ್ಸಾದಲ್ಲಿ ಜನಿಸಿದ ಎಮಿಲ್ ಯಾನೆಲ್ (1897–1981) ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿ ಹೆಸರಾದರು. ಕಾರ್ಲ್ ಯೋಹಾನ್ ಟ್ರಿಗ್ (1887–1954) ಮತ್ತು ಅವರ ಮಕ್ಕಳ ಗೊಂಬೆಗಳು ಇಂದಿಗೂ ಸಂಗ್ರಾಹಕರ ಆಸಕ್ತಿಯ ವಸ್ತುಗಳಾಗಿವೆ.

ಎರಡನೆಯ ಮಹಾಯುದ್ಧದ ನಂತರ ತವರಿನಲ್ಲಿ ಕೆತ್ತುವವರ ಸಂಖ್ಯೆ ಇಳಿಮುಖವಾಯಿತು. ಕೈಯಿಂದ ಕೈಗೆ ಸಾಗಬೇಕಾದ ವಿದ್ಯೆ ಇದು. ಕಲಿಯುವವರಿಲ್ಲದೆ ಹೋದರೆ ಗೊಂಬೆ ಉಳಿಯುತ್ತದೆ, ಕೈಚಳಕ ಉಳಿಯುವುದಿಲ್ಲ. ಈ ಕೊಂಡಿಯನ್ನು ಮತ್ತೆ ಬೆಸೆದವರು ನಾರ್ವೆ ಮೂಲದ ಅಮೆರಿಕನ್ ಹಾರ್ಲಿ ರೆಫ್ಸಾಲ್. ಮಿನೆಸೋಟದ ಕೃಷಿ ಕುಟುಂಬದಲ್ಲಿ ಬೆಳೆದು, ಅಯೋವಾ ರಾಜ್ಯದ ಡೆಕೋರಾದಲ್ಲಿರುವ ಲೂಥರ್ ಕಾಲೇಜಿನಲ್ಲಿ ಬೋಧಕರಾಗಿದ್ದ ಅವರು ಹಳೆಯ ಕೃತಿಗಳನ್ನು ಅಧ್ಯಯನ ಮಾಡಿ, ವಿಧಾನವನ್ನು ಪುಸ್ತಕಗಳಲ್ಲಿ ದಾಖಲಿಸಿದರು. ಅಮೆರಿಕದಲ್ಲಷ್ಟೇ ಅಲ್ಲದೆ ಸ್ಕ್ಯಾಂಡಿನೇವಿಯಾಕ್ಕೂ ತೆರಳಿ ತರಗತಿಗಳನ್ನು ನಡೆಸಿದರು. ಈ ಸೇವೆಗಾಗಿ 1996ರಲ್ಲಿ ನಾರ್ವೆಯ ದೊರೆಯಿಂದ ಸಂತ ಓಲಾವ್ ಪದಕ ಅವರಿಗೆ ಸಂದಿತು.

ಅಜ್ಜಂದಿರು ಹಡಗಿನಲ್ಲಿ ಕೊಂಡೊಯ್ದ ವಿದ್ಯೆಯನ್ನು ಮುಂದಿನ ತಲೆಮಾರು ಹೀಗೆ ತವರಿಗೆ ಮರಳಿಸಿತು. ದುಬಾರಿ ಸಲಕರಣೆ ಬೇಡದ ಕಾರಣ ಇಂದು ಈ ಪ್ರದೇಶಗಳ ಆಚೆಗೂ ಹವ್ಯಾಸಿಗಳು ಈ ಶೈಲಿಯನ್ನು ಅಭ್ಯಾಸ ಮಾಡುತ್ತಿದ್ದಾರೆ.