ಹಳೆಯ ರೇಸ್ ಸೈಕಲ್ಲಿನ ಗುರುತು ಹಿಡಿಯುವ ವಿದ್ಯೆ

ಹದಿಹರೆಯದಲ್ಲಿ ತುಳಿದ ರೇಸ್ ಸೈಕಲ್ಲನ್ನು ಅರವತ್ತು ದಾಟಿದವರು ನೆನೆಯುವಾಗ ಬಣ್ಣದಿಂದಲೇ ಶುರು ಮಾಡುತ್ತಾರೆ. ಹಸಿರು ಬಣ್ಣ, ಹತ್ತು ಗೇರು, ಬಾಗಿದ ಹ್ಯಾಂಡಲ್ಲು, ಇಂಗ್ಲೆಂಡಿನದೋ ಫ್ರಾನ್ಸಿನದೋ ಇರಬೇಕು. 1970ರ ದಶಕದಲ್ಲಿ ಅಮೆರಿಕ, ಯುರೋಪುಗಳಲ್ಲಿ ಬೆಳೆದ ಬಹಳಷ್ಟು ಜನರ ನೆನಪು ಇಷ್ಟಕ್ಕೇ ನಿಲ್ಲುತ್ತದೆ. ಈ ಅರೆನೆನಪನ್ನು ಹಿಡಿದುಕೊಂಡು ಕಂಪನಿ, ಮಾದರಿ, ತಯಾರಾದ ವರ್ಷದವರೆಗೆ ಹೋಗಿ ಮುಟ್ಟುವ ವಿದ್ಯೆಯೊಂದು ಕಳೆದ ಎಪ್ಪತ್ತು ವರ್ಷಗಳಲ್ಲಿ ಬೆಳೆದಿದೆ. ಅದನ್ನು ಬೆಳೆಸಿದವರಲ್ಲಿ ಪ್ರಾಧ್ಯಾಪಕರಿಗಿಂತ ಕೈಗೆ ಗ್ರೀಸು ಮೆತ್ತಿಕೊಂಡವರೇ ಹೆಚ್ಚು.

ಸಂಘಟಿತ ಪ್ರಯತ್ನದ ಆರಂಭವೆಂದು 1955ನ್ನು ಹಿಡಿಯಬಹುದು. ಆ ವರ್ಷ ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಘವೇ ಮುಂದೆ ವೆಟರನ್-ಸೈಕಲ್ ಕ್ಲಬ್ ಆಯಿತು. ಅಮೆರಿಕದಲ್ಲಿ 1967ರಲ್ಲಿ ದಿ ವೀಲ್‌ಮೆನ್ ಶುರುವಾಯಿತು. ಆಗಿನವರ ಕಣ್ಣೆಲ್ಲ ದೊಡ್ಡ ಚಕ್ರದ ಪೆನ್ನಿ ಫಾರ್ದಿಂಗ್ ಮತ್ತು ಅದರ ಕಾಲದ ಸೈಕಲ್ಲುಗಳ ಮೇಲೆ. ಗೇರಿನ ರೇಸ್ ಸೈಕಲ್ಲು ಆಗಿನ್ನೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತಿದ್ದ ಸರಕು, ಅದರ ಇತಿಹಾಸ ಯಾರಿಗೂ ಬೇಕಿರಲಿಲ್ಲ. ಆದರೂ ಈ ಸಂಘಗಳು ಒಂದು ಒಳ್ಳೆಯ ರೂಢಿ ಹಾಕಿಕೊಟ್ಟವು: ಒಂದೊಂದು ಕಂಪನಿಯ ಸೈಕಲ್ಲಿಗೆ ಒಬ್ಬೊಬ್ಬ ಆಸಕ್ತ, ಫ್ರೇಮಿನ ನಂಬರು ಕಳಿಸಿದರೆ ಅವರು ವರ್ಷ ಹುಡುಕಿ ಹೇಳುವುದು.

1970ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಸೈಕಲ್ಲಿನ ಹುಚ್ಚು ಹಿಡಿಯಿತು. 1973ನೇ ವರ್ಷವೊಂದರಲ್ಲೇ ಅಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಸೈಕಲ್ಲು ಮಾರಾಟವಾದವು. ನಾಟಿಂಗ್‌ಹ್ಯಾಮಿನ ರ್‍ಯಾಲೆ, ಫ್ರಾನ್ಸಿನ ಪ್ಯೂಜೊ, ಜಿತಾನ್, ಮೋಟೊಬೆಕಾನ್, ಜಪಾನಿನ ಫುಜಿ, ನಿಶಿಕಿ ಎಲ್ಲವೂ ಹಡಗು ತುಂಬಿ ಬಂದವು. ಬೇಡಿಕೆಗೆ ತಕ್ಕಷ್ಟು ಬಿಡಿಭಾಗ ಸಿಗದಾದಾಗ ಕಾರ್ಖಾನೆಗಳು ಸಿಕ್ಕಿದ ಬ್ರೇಕು, ಸಿಕ್ಕಿದ ಗೇರು ಜೋಡಿಸಿ ಕಳಿಸಿದವು. ಕ್ಯಾಟಲಾಗಿನಲ್ಲಿ ಒಂದು, ಪೆಟ್ಟಿಗೆಯಲ್ಲಿ ಇನ್ನೊಂದು. ಇಂದು ಗುರುತು ಹಿಡಿಯುವವರನ್ನು ಅತಿ ಹೆಚ್ಚು ಕಾಡುವುದು ಈ ಮೂರ್ನಾಲ್ಕು ವರ್ಷಗಳ ಸೈಕಲ್ಲುಗಳೇ. ತನ್ನ ಸೈಕಲ್ಲಿನಲ್ಲಿ ಇಂಥದೇ ಗೇರು ಇತ್ತೆಂದು ಒಬ್ಬರು ಪಟ್ಟು ಹಿಡಿದರೆ, ಕ್ಯಾಟಲಾಗು ಬೇರೆ ಹೇಳುತ್ತದೆಂದು ಅವರನ್ನು ತಳ್ಳಿಹಾಕುವುದು ತಪ್ಪು. ಎರಡೂ ನಿಜವಿರಬಹುದು.

ಈ ಗೊಂದಲದಿಂದಲೇ ಮುಂದಿನ ಹೆಜ್ಜೆ ಹುಟ್ಟಿತು. ಅಂಗಡಿಗೆ ರಿಪೇರಿಗೆ ಬಂದ ಸೈಕಲ್ಲು ಯಾವ ದೇಶದ ಅಳತೆಯದೆಂದು ತಿಳಿಯದೆ ಮೆಕ್ಯಾನಿಕ್ಕು ಸ್ಪ್ಯಾನರು ಹಾಕುವಂತಿರಲಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಹೊವರ್ಡ್ ಸದರ್‌ಲ್ಯಾಂಡ್ ಮೆಕ್ಯಾನಿಕ್ಕುಗಳಿಗಾಗಿ ಕೈಪಿಡಿಯೊಂದನ್ನು ಹೊರತಂದರು. ತ್ರೆಡ್ಡಿನ ಅಳತೆ, ಬೇರಿಂಗಿನ ಗಾತ್ರ, ಕ್ರ್ಯಾಂಕಿನ ಅಚ್ಚು, ಎಲ್ಲದಕ್ಕೂ ಅದರಲ್ಲಿ ಕೋಷ್ಟಕಗಳು. ರಿಪೇರಿಗೆಂದು ಬರೆದ ಈ ಪುಸ್ತಕ ಗುರುತು ಹಿಡಿಯುವವರಿಗೂ ಪಂಚಾಂಗವಾಯಿತು.

ಪೆಡಲು ಹೊತ್ತ ಕ್ರ್ಯಾಂಕಿನ ಅಚ್ಚು ಕೂರುವ ಗೂಡನ್ನೇ ನೋಡಿ. ಅದರ ಬಲಗಡೆಯ ಬೇರಿಂಗ್ ಕಪ್ಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದಾಗ ಸಡಿಲವಾದರೆ ಅದು ಇಂಗ್ಲಿಷ್ ಅಳತೆ. ಜಪಾನಿನವರೂ ಇದನ್ನೇ ಬಳಸಿದರು. ಎದುರು ದಿಕ್ಕಿಗೆ ಸಡಿಲವಾದರೆ ಫ್ರೆಂಚ್ ಅಥವಾ ಇಟಾಲಿಯನ್. ಫ್ರೆಂಚರದು 35 ಮಿಲಿಮೀಟರ್ ವ್ಯಾಸ, ಇಟಲಿಯದು 36. ಸ್ವಿಸ್ ಅಳತೆ ಫ್ರೆಂಚರದೇ ಗಾತ್ರ, ಆದರೆ ಬಲಗಡೆಯ ತ್ರೆಡ್ಡು ಇಂಗ್ಲಿಷರಂತೆ ಉಲ್ಟಾ. ಇನ್ನೂ ಸೂಕ್ಷ್ಮವಾದದ್ದು ರ್‍ಯಾಲೆಯದು. ಇಂಗ್ಲೆಂಡಿನಲ್ಲಿ ಬೇರೆಯವರು ಇಂಚಿಗೆ 24 ತ್ರೆಡ್ಡು ಕೊರೆದರೆ ರ್‍ಯಾಲೆ ನಾಟಿಂಗ್‌ಹ್ಯಾಮಿನಲ್ಲಿ ತನ್ನದೇ 26 ಇಟ್ಟುಕೊಂಡಿತ್ತು. ಅದೇ ಕಂಪನಿ 1960ರಲ್ಲಿ ಕೊಂಡುಕೊಂಡ ಕಾರ್ಲ್‌ಟನ್‌ನ ವರ್ಕ್‌ಸಾಪ್ ಕಾರ್ಖಾನೆಯಲ್ಲಿ ತಯಾರಾದ ಇಂಟರ್‌ನ್ಯಾಷನಲ್‌ನಂಥ ಉತ್ತಮ ದರ್ಜೆಯ ರ್‍ಯಾಲೆಗಳಲ್ಲಿ 24 ಇದೆ. ಬಣ್ಣ ಬಳಿದು, ಸ್ಟಿಕ್ಕರು ಕಿತ್ತುಹಾಕಿದ ಬೋಳು ಫ್ರೇಮು ಸಿಕ್ಕರೂ ತ್ರೆಡ್ಡು ಎಣಿಸಿ ಅದು ಯಾವ ಊರಲ್ಲಿ ಹುಟ್ಟಿತೆಂದು ಹೇಳಬಹುದು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಆಮೇಲೆ ಬಿಡಿಭಾಗಗಳ ಮೇಲಿನ ಗುಪ್ತ ಅಕ್ಷರ, ಅಂಕಿಗಳನ್ನು ಓದುವುದು ಬಳಕೆಗೆ ಬಂತು. ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬಿನ (ಚಕ್ರದ ನಡುಭಾಗದ) ಮೇಲೆ ವರ್ಷ, ತಿಂಗಳು ಅಚ್ಚಾಗಿರುತ್ತಿದ್ದುದು ಹಳಬರಿಗೆ ಗೊತ್ತೇ ಇತ್ತು. ಕಂಪಾನ್ಯೋಲೊ ಕಂಪನಿಯ ಕ್ರ್ಯಾಂಕಿನ ಹಿಂಬದಿಯಲ್ಲಿ ವಜ್ರಾಕೃತಿಯೊಳಗೆ 3 ಎಂದಿದ್ದರೆ 1973, ವೃತ್ತದೊಳಗೆ 3 ಎಂದಿದ್ದರೆ 1983. ಶಿಮಾನೊ ಕಂಪನಿ 1976ರಿಂದ ಎರಡು ಅಕ್ಷರ ಒತ್ತತೊಡಗಿತು: ಮೊದಲನೆಯದು ವರ್ಷಕ್ಕೆ, ಎರಡನೆಯದು ತಿಂಗಳಿಗೆ. ಇಂಗ್ಲಿಷಿನ ಇ, ಜಿ ಎಂದಿದ್ದರೆ 1980ರ ಜುಲೈ. ಷಿಕಾಗೋದ ಶ್ವಿನ್ 1965ರಿಂದ ಫ್ರೇಮಿನ ನಂಬರಿನಲ್ಲೇ ತಿಂಗಳು, ವರ್ಷ ಸೇರಿಸಿತು. ಆದರೆ ಹಬ್ಬು, ಕ್ರ್ಯಾಂಕು ಬದಲಾಗುವ ವಸ್ತುಗಳು. ಒಂದರ ಮಾತು ನಂಬಬಾರದು. ಮೂರ್ನಾಲ್ಕು ಭಾಗಗಳು ಒಂದೇ ವರ್ಷ ಹೇಳಿದರೆ ಮಾತ್ರ ಫ್ರೇಮಿಗೂ ಅದೇ ವರ್ಷ ಕೊಡಬೇಕು.

ಈ ಜ್ಞಾನವೆಲ್ಲ ಎಲ್ಲರ ಕೈಗೆ ಬಂದದ್ದು ಅಂತರ್ಜಾಲದ ಕಾಲದಲ್ಲಿ. ಮ್ಯಾಸಚೂಸೆಟ್ಸಿನ ಹ್ಯಾರಿಸ್ ಸೈಕ್ಲರಿ ಅಂಗಡಿಯ ಮೆಕ್ಯಾನಿಕ್ಕು ಶೆಲ್ಡನ್ ಬ್ರೌನ್ (1944–2008) ರ್‍ಯಾಲೆಯ ನಂಬರುಗಳಿಂದ ಫ್ರೆಂಚ್ ತ್ರೆಡ್ಡಿನವರೆಗೆ ತಮಗೆ ತಿಳಿದದ್ದನ್ನೆಲ್ಲ ಪುಕ್ಕಟೆಯಾಗಿ ಬರೆದಿಟ್ಟರು. ಇಷ್ಟು ಉದಾರವಾಗಿ ವಿದ್ಯೆ ಹಂಚಿದ ಕುಶಲಕರ್ಮಿ ಯಾವ ಕಸುಬಿನಲ್ಲೂ ಅಪರೂಪ. ವಿದ್ವತ್ತಿನ ಕಡೆಯಿಂದ 1990ರಲ್ಲಿ ಗ್ಲಾಸ್ಗೋದಲ್ಲಿ ಮೊದಲ ಅಂತರರಾಷ್ಟ್ರೀಯ ಸೈಕಲ್ ಇತಿಹಾಸ ಸಮ್ಮೇಳನ ನಡೆಯಿತು. ಆಮೇಲೆ ಫ್ರ್ಯಾಂಕ್ ಬರ್ಟೊ ಗೇರುಗಳ ಇತಿಹಾಸವನ್ನು ಪುಸ್ತಕವಾಗಿಸಿದರು. ಹಳೆಯ ಕ್ಯಾಟಲಾಗುಗಳನ್ನು ಆಸಕ್ತರು ಸ್ಕ್ಯಾನ್ ಮಾಡಿಟ್ಟರು.

ಇಷ್ಟೆಲ್ಲ ಆದ ಮೇಲೂ ಸೈಕಲ್ಲೇ ಕೈಯಲ್ಲಿಲ್ಲದವರಿಗೆ ನೆನಪೊಂದೇ ಗತಿ. ಅದಕ್ಕೆ ಸರಿಯಾದ ಪ್ರಶ್ನೆ ಹಾಕಬೇಕು. ಬಣ್ಣವೊಂದನ್ನೇ ನಂಬಬೇಡಿ, ಒಂದೇ ಮಾದರಿ ವರ್ಷಕ್ಕೊಂದು ಬಣ್ಣದಲ್ಲಿ ಬಂದಿದೆ. ಗೇರು ಬದಲಿಸಲು ಕೈ ಎಲ್ಲಿಗೆ ಹೋಗುತ್ತಿತ್ತೆಂದು ಕೇಳಿ. ಹ್ಯಾಂಡಲ್ಲಿನ ನಡುವಿನ ಕಂಬಕ್ಕೆ ಎಂದರೆ ಅದು ಬಹುಪಾಲು 70ರ ದಶಕದ ಅಗ್ಗದ ಮಾದರಿ. ಕೆಳಗಿನ ಓರೆ ಕೊಳವೆಗೆ ಎಂದರೆ ಇನ್ನೂ ಹುಡುಕಬೇಕು. ಕಾರ್ಖಾನೆಯಿಂದಲೇ ಚಕ್ರಕ್ಕೆಲ್ಲ ರಿಫ್ಲೆಕ್ಟರು ಹಾಕಿ ಬಂದಿತ್ತೇ? ಅವನ್ನು ಕಡ್ಡಾಯ ಮಾಡಿದ ಸುರಕ್ಷತಾ ನಿಯಮ ಅಮೆರಿಕದಲ್ಲಿ ಜಾರಿಯಾದದ್ದು 1976ರಲ್ಲಿ. ಬಿಳಿ ಫ್ರೇಮಿಗೆ ಕೊಳವೆ ಕೂಡುವಲ್ಲಿ ಕಪ್ಪು ಬಳಿದಿತ್ತು ಎಂದರೆ ಪ್ಯೂಜೊ ಪಿಎಕ್ಸ್-10 ಹತ್ತಿರ ಬಂತು. ಅದರ ಕೊಳವೆ ಇಂಗ್ಲೆಂಡಿನ ರೆನಾಲ್ಡ್ಸ್ 531.

ನಮ್ಮಲ್ಲಿ ಅಸಾನ್ಸೋಲಿನ ಸೆನ್-ರ್‍ಯಾಲೆ, ಮದರಾಸಿನ ಟಿಐ ಸೈಕಲ್ಸ್ ಇಂಗ್ಲಿಷ್ ಕಂಪನಿಗಳ ಸಹಯೋಗದಲ್ಲಿ ಸೈಕಲ್ಲು ತಯಾರಿಸಿದವು. ಅವು ಹೆಚ್ಚಾಗಿ ಹಾಲಿನ ಕ್ಯಾನು ಹೊತ್ತ ಭಾರಿ ಸೈಕಲ್ಲುಗಳೇ ಹೊರತು ರೇಸಿನವಲ್ಲ. ಆದರೆ ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಪರಂಪರೆ ಗಟ್ಟಿಯಾಗಿದೆ. ಅಲ್ಲಿನ ಹಳೆಯ ಸವಾರರ ಮನೆಯವರಲ್ಲಿ ನನ್ನದೊಂದು ಬೇಡಿಕೆ: ಅಟ್ಟದ ಮೇಲಿನ ಫ್ರೇಮಿಗೆ ಹೊಸ ಬಣ್ಣ ಬಳಿಸುವ ಮೊದಲು ಅದರ ನಂಬರು, ಬಿಲ್ಲೆ, ಸ್ಟಿಕ್ಕರುಗಳ ಫೋಟೋ ತೆಗೆದಿಡಿ. ಕೊಂಡ ಅಂಗಡಿಯ ಬಿಲ್ಲು ಸಿಕ್ಕರೆ ಅದನ್ನೂ ಜೊತೆಗಿಡಿ.