ಆಟದ ಹಲಗೆ, ಓಟದ ಹಲಗೆ

ಹಿಮದ ಮೇಲೆ ನಡೆಯಲು, ಜಾರಲು ಮನುಷ್ಯ ಕಾಲಿಗೆ ಹಲಗೆ ಕಟ್ಟಿಕೊಂಡು ಐದು ಸಾವಿರ ವರ್ಷಗಳೇ ಕಳೆದಿವೆ. ಸ್ವೀಡನ್ನಿನ ಕಾಲ್ವ್‌ಟ್ರಾಸ್ಕ್ ಎಂಬಲ್ಲಿ 1924ರಲ್ಲಿ ಜೌಗು ನೆಲದಲ್ಲಿ ಸಿಕ್ಕ ಮರದ ಸ್ಕೀಗಳ ವಯಸ್ಸು ಸುಮಾರು 5,200 ವರ್ಷ. ಇಷ್ಟು ಹಳೆಯ ಈ ಸಾಧನದ ಬಗ್ಗೆ ಒಂದು ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಆಗಷ್ಟೇ ಬಿದ್ದ, ಮೊಣಕಾಲುದ್ದದ ಪುಡಿಹಿಮಕ್ಕೆ ಎಂಥ ಹಲಗೆ ಸರಿ? ಬೇಕಾದಲ್ಲಿ ತಿರುಗುವ, ನೆಗೆಯುವ, ಹಿಮ್ಮುಖವಾಗಿಯೂ ಜಾರುವ ಆಟದ ಹಲಗೆಯೇ? ಇಲ್ಲವೇ ಬಿಟ್ಟ ಬಾಣದಂತೆ ಇಳಿಜಾರನ್ನು ಸೀಳಿಕೊಂಡು ಹೋಗುವ ಓಟದ ಹಲಗೆಯೇ?

ಯೂರೋಪು, ಅಮೆರಿಕಗಳ ಸ್ಕೀ ಅಂಗಡಿಗಳಲ್ಲಿ ಇದು ದಿನನಿತ್ಯ ಕೇಳಿಬರುವ ಪ್ರಶ್ನೆ. ಮೇಲ್ನೋಟಕ್ಕೆ ಇದು ಅವರವರ ರುಚಿಗೆ ಬಿಟ್ಟ ವಿಷಯವೆಂದು ತೋರುತ್ತದೆ. ಆದರೆ ಈ ಎರಡು ಹಲಗೆಗಳ ಹಿಂದೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಹಿಮವನ್ನು ಮನುಷ್ಯ ಎರಡು ಬಗೆಯಲ್ಲಿ ನೋಡಿದ ಕಥೆ ಅದು.

ಕೆಸರುಗದ್ದೆಯ ಪಾಠ

ಪುಡಿಹಿಮ ಎಂದರೆ ಏನೆಂದು ಮೊದಲು ತಿಳಿಯಬೇಕು. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋ. ಹೊಸದಾಗಿ ಬಿದ್ದ ಒಣ ಹಿಮ ಅದೇ ಅಳತೆಗೆ 50ರಿಂದ 100 ಕಿಲೋ ಮಾತ್ರ ತೂಗುತ್ತದೆ. ಉಳಿದದ್ದೆಲ್ಲ ಗಾಳಿ. ಅದರ ಮೇಲೆ ಬರಿಗಾಲಿಟ್ಟರೆ ಸೊಂಟದವರೆಗೆ ಹೂತುಹೋಗುವುದೂ ಉಂಟು.

ಹಾಗಾದರೆ ತೇಲುವುದು ಹೇಗೆ? ಹಿಮವನ್ನೇ ಕಾಣದ ಕರಾವಳಿಯ ರೈತನಿಗೆ ಇದರ ಉತ್ತರ ಗೊತ್ತಿದೆ. ಕಂಬಳದ ಗದ್ದೆಯಲ್ಲಿ ನಿಂತವನ ಕಾಲು ಕೆಸರಿನಲ್ಲಿ ಇಳಿಯುತ್ತದೆ. ಅದೇ ಕೆಸರಿನ ಮೇಲೆ, ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತವನು ಜಾರಿಕೊಂಡು ಹೋಗುತ್ತಾನೆ. ಇದಕ್ಕೆ ಕಾರಣ ಎರಡು. ಹಲಗೆ ಅವನ ಭಾರವನ್ನು ಹರಡುತ್ತದೆ. ವೇಗ ಅವನನ್ನು ಮೇಲೆತ್ತುತ್ತದೆ. ಕೋಣ ನಿಂತರೆ ಹಲಗೆಯೂ ಇಳಿಯುತ್ತದೆ.

ಪುಡಿಹಿಮದ ನಿಯಮವೂ ಇಷ್ಟೇ. ಹಲಗೆಯ ಅಗಲ ಮತ್ತು ಆಕಾರದಿಂದ ತೇಲಬಹುದು, ಇಲ್ಲವೇ ವೇಗದಿಂದ ತೇಲಬಹುದು. ಎಲ್ಲ ಸ್ಕೀಗಳಿಗೂ ಎರಡೂ ಬೇಕು. ಆದರೆ ಆಟದ ಹಲಗೆ ಮೊದಲನೆಯದನ್ನು ಹೆಚ್ಚು ನಂಬಿದೆ; ಓಟದ ಹಲಗೆ ಎರಡನೆಯದನ್ನು.

ಒಂದೇ ಕಾಲ, ಎರಡು ದಾರಿ

ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೊರ್ಗೆಡಾಲ್ ಎಂಬ ಹಳ್ಳಿಯಲ್ಲಿ 1825ರಲ್ಲಿ ಹುಟ್ಟಿದ ಸೊಂದ್ರೆ ನೂರ್‌ಹೈಮ್ ಬಡ ಗೇಣಿದಾರ. ಅವನಿಗೆ ಸ್ಕೀ ಎಂದರೆ ಆಟ. ಮನೆಯ ಮಾಡಿನ ಮೇಲಿಂದ, ಬಂಡೆಗಳ ಮೇಲಿಂದ ನೆಗೆಯುವುದು ಅವನ ಹವ್ಯಾಸ. ಹಾಗೆ ನೆಗೆದಾಗ ಹಲಗೆ ಕಳಚಿಕೊಳ್ಳದಂತೆ ಅವನು ಬಳ್ಳಿಯ ಹುರಿಯಿಂದ ಹಿಮ್ಮಡಿಯನ್ನೂ ಸುತ್ತಿ ಕಟ್ಟಿದ. ನಡುಭಾಗ ಕಿರಿದಾಗಿ, ಎರಡು ತುದಿಗಳು ಅಗಲವಾಗಿರುವ ಹಲಗೆಯನ್ನು ರೂಢಿಗೆ ತಂದ ಕೀರ್ತಿಯೂ ಅವನದೇ. ಈ 'ಸೊಂಟ' ಬಂದ ಮೇಲೆ ಹಲಗೆಯನ್ನು ಓರೆ ಮಾಡಿದರೆ ಸಾಕು, ಅದು ತಾನಾಗಿ ತಿರುಗತೊಡಗಿತು. 1868ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋದಲ್ಲಿ, ನಡೆದ ಸ್ಪರ್ಧೆಯಲ್ಲಿ ನಲವತ್ತು ದಾಟಿದ ಈ ಹಳ್ಳಿಗ ಗೆದ್ದಾಗ ನಗರದವರು ಬೆರಗಾದರು.

ಅದೇ ಹೊತ್ತಿಗೆ ಅಟ್ಲಾಂಟಿಕ್‌ನ ಆಚೆ, ಕ್ಯಾಲಿಫೋರ್ನಿಯಾದ ಸಿಯೆರಾ ಪರ್ವತಗಳಲ್ಲಿ ಬೇರೊಂದು ಕಥೆ ನಡೆದಿತ್ತು. ಚಿನ್ನದ ಗಣಿಗಳಿಗೆ ಹೋದ ನಾರ್ವೆಯವರು ಅಲ್ಲಿಗೂ ಸ್ಕೀ ಒಯ್ದಿದ್ದರು. ಚಳಿಗಾಲದಲ್ಲಿ ಗಣಿ ಕೆಲಸ ನಿಂತಾಗ ಲಾ ಪೋರ್ಟ್ ಮೊದಲಾದ ಊರುಗಳಲ್ಲಿ ಪಂದ್ಯ ಕಟ್ಟಿ ಓಟ ನಡೆಸುತ್ತಿದ್ದರು. 1860ರ ದಶಕದ ಆ ಹಲಗೆಗಳ ಉದ್ದ ಹನ್ನೆರಡು ಅಡಿಯ ಆಸುಪಾಸು. ಅವು ತಿರುಗುತ್ತಿರಲಿಲ್ಲ, ತಿರುಗಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ. ಗುಡ್ಡದ ನೆತ್ತಿಯಿಂದ ಬುಡಕ್ಕೆ ನೇರವಾಗಿ ಇಳಿಯುವುದೇ ಪಂದ್ಯ. ಹಲಗೆಯ ಅಡಿಗೆ ಬಳಿಯುವ ಮೇಣದ ಮಿಶ್ರಣವನ್ನು ಪ್ರತಿಯೊಬ್ಬನೂ ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದ.

ಹೀಗೆ ಒಂದೇ ನಾಡಿನ ಹಲಗೆ ಒಂದು ಕಡೆ ಆಟಕ್ಕೆ ಗಿಡ್ಡವಾಯಿತು, ಇನ್ನೊಂದು ಕಡೆ ಓಟಕ್ಕೆ ಉದ್ದವಾಯಿತು. ಇಂದಿನ ಜಗಳದ ಬೇರು ಇಲ್ಲಿದೆ.

'ಮೋಸದ ಹಲಗೆ'

ಇಪ್ಪತ್ತನೆಯ ಶತಮಾನದಲ್ಲಿ ಸ್ಕೀ ದೊಡ್ಡ ಉದ್ಯಮವಾಯಿತು. ಹಗ್ಗದ ಕುರ್ಚಿಗಳು ಜನರನ್ನು ಗುಡ್ಡಕ್ಕೆ ಏರಿಸಿದವು. ಯಂತ್ರಗಳು ಹಿಮವನ್ನು ಒತ್ತಿ ಗಟ್ಟಿ ಮಾಡಿದವು. ಆಸ್ಟ್ರಿಯಾದ ರುಡಾಲ್ಫ್ ಲೆಟ್ನರ್ 1926ರಲ್ಲಿ ಹಲಗೆಯ ಅಂಚಿಗೆ ಉಕ್ಕಿನ ಪಟ್ಟಿ ಕೂಡಿಸಿ ಪೇಟೆಂಟ್ ಪಡೆದ. ಇದೆಲ್ಲ ಗಟ್ಟಿ ಹಿಮಕ್ಕೆ ಹೊಂದುವ ಸುಧಾರಣೆ. ಪುಡಿಹಿಮದ ಮಟ್ಟಿಗೆ ಹಲಗೆ ಕಿರಿದಾಗಿಯೇ ಉಳಿಯಿತು. ಪಾದದಡಿ ಅದರ ಅಗಲ ಏಳು ಸೆಂಟಿಮೀಟರನ್ನು ದಾಟುತ್ತಿದ್ದುದೇ ಅಪರೂಪ.

ಆದ್ದರಿಂದ ಪುಡಿಹಿಮ ಕೆಲವೇ ನುರಿತವರ ಸೊತ್ತಾಗಿತ್ತು. ವರ್ಷಕ್ಕೆ ಸರಾಸರಿ 500 ಇಂಚಿಗೂ ಹೆಚ್ಚು ಹಿಮ ಬೀಳುವ ಅಮೆರಿಕದ ಯೂಟಾ ರಾಜ್ಯದ ಆಲ್ಟಾದಲ್ಲಿ ನಾರ್ವೆ ಮೂಲದ ಆಲ್ಫ್ ಎಂಗೆನ್ ಮತ್ತು ಅವನ ಸಂಗಡಿಗರು ಅದಕ್ಕೆಂದೇ ಒಂದು ವಿದ್ಯೆ ರೂಪಿಸಿದರು. ಎರಡು ಕಾಲುಗಳನ್ನು ಒಂದಕ್ಕೊಂದು ಅಂಟಿಸಿದಂತೆ ಇಟ್ಟು, ಎರಡೂ ಹಲಗೆಗಳನ್ನು ಒಂದೇ ಹಲಗೆಯಂತೆ ಬಳಸಿ, ಲಯಬದ್ಧವಾಗಿ ಏರಿಳಿಯುತ್ತ ಸಾಗುವ ವಿದ್ಯೆ ಅದು. ಕಲಿಯಲು ವರ್ಷಗಳೇ ಹಿಡಿಯುತ್ತಿದ್ದವು.

ವಿಮಾನ ಕಾರ್ಖಾನೆಯ ಎಂಜಿನಿಯರ್ ಆಗಿದ್ದ ಹೊವಾರ್ಡ್ ಹೆಡ್ 1950ರ ಸುಮಾರಿಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ಮರ ಕೂಡಿಸಿದ ಸ್ಕೀಯನ್ನು ಮಾರುಕಟ್ಟೆಗೆ ತಂದಾಗ ತಿರುಗುವುದು ಸುಲಭವಾಯಿತು. ಹಳಬರು ಅದಕ್ಕೆ 'ಮೋಸದ ಹಲಗೆ' ಎಂದು ಹೆಸರಿಟ್ಟರು. ಕಷ್ಟಪಟ್ಟು ಕಲಿತದ್ದನ್ನು ಇನ್ನೊಬ್ಬ ಸುಲಭವಾಗಿ ಮಾಡಿದರೆ ಯಾರಿಗೆ ತಾನೆ ಸಹನೆಯಾದೀತು?

ಎಂಬತ್ತರ ದಶಕದ ಕೊನೆಯಲ್ಲಿ ಇದೇ ಮಾತು ಮತ್ತೆ ಕೇಳಿಬಂತು. ಆ ವೇಳೆಗೆ ಒಂದೇ ಅಗಲ ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲುವ ಸ್ನೋಬೋರ್ಡ್ ಬಂದಿತ್ತು. ನಿನ್ನೆ ಮೊನ್ನೆ ಕಲಿತ ಹುಡುಗರೂ ಅದರ ಮೇಲೆ ಪುಡಿಹಿಮದಲ್ಲಿ ತೇಲುತ್ತಿದ್ದರು. ಆಸ್ಟ್ರಿಯಾದ ಅಟಾಮಿಕ್ ಕಂಪನಿಯ ಎಂಜಿನಿಯರ್ ರೂಪರ್ಟ್ ಹ್ಯೂಬರ್ ಒಂದು ಸ್ನೋಬೋರ್ಡನ್ನು ಉದ್ದಕ್ಕೆ ಎರಡು ಸೀಳಾಗಿ ಕೊಯ್ದು ಎರಡು ಸ್ಕೀ ಮಾಡಿದನೆಂಬ ಕಥೆ ಪ್ರಸಿದ್ಧ. ಅದರಿಂದ ಹುಟ್ಟಿದ 'ಪೌಡರ್ ಪ್ಲಸ್' ಪಾದದಡಿ 115 ಮಿಲಿಮೀಟರ್ ಅಗಲವಿತ್ತು. ನುರಿತವರು ನಕ್ಕರು. ಆದರೆ ಹೆಲಿಕಾಪ್ಟರ್‌ನಲ್ಲಿ ಅತಿಥಿಗಳನ್ನು ಬೆಟ್ಟದ ಮೇಲೆ ಇಳಿಸುವ ಕೆನಡಾದ ಮಾರ್ಗದರ್ಶಕರಿಗೆ ಅದರ ಬೆಲೆ ತಿಳಿಯಿತು. ಮಧ್ಯಾಹ್ನಕ್ಕೇ ಸೋತು ಕೂರುತ್ತಿದ್ದ ವಯಸ್ಸಾದ ಅತಿಥಿಗಳು ಸಂಜೆಯವರೆಗೆ ಜಾರತೊಡಗಿದ್ದರು.

ನೀರಿನಿಂದ ಬಂದ ಬುದ್ಧಿ

ಅಗಲವಾದರೂ ಆಕಾರ ಹಳೆಯದೇ ಆಗಿತ್ತು. ಅದನ್ನು ತಲೆಕೆಳಗು ಮಾಡಿದವನು ಕೆನಡಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಶೇನ್ ಮೆಕಾಂಕಿ. ಅವನ ವಾದ ಸರಳ. ಗಟ್ಟಿ ಹಿಮದ ಮೇಲೆ ಹಲಗೆ ಅಂಚಿನಿಂದ ಕೆಲಸ ಮಾಡುತ್ತದೆ, ಪುಡಿಹಿಮದಲ್ಲಿ ತಳದಿಂದ ಕೆಲಸ ಮಾಡುತ್ತದೆ. ಅಂದ ಮೇಲೆ ಪುಡಿಹಿಮ ನೀರಿಗೆ ಹತ್ತಿರ. ನೀರಿನ ಮೇಲೆ ಜಾರುವ ಹಲಗೆಯ ನಡುಭಾಗ ಅಗಲ, ತುದಿಗಳು ಕಿರಿದು. ಹಿಮದ ಹಲಗೆ ಮಾತ್ರ ಏಕೆ ಇದಕ್ಕೆ ವಿರುದ್ಧವಾಗಿರಬೇಕು? ಇದನ್ನು ಪರೀಕ್ಷಿಸಲು ಅವನು ನೀರಿನ ಸ್ಕೀಗಳಿಗೇ ಬೈಂಡಿಂಗ್ ಕೂಡಿಸಿ ಅಲಾಸ್ಕದ ಇಳಿಜಾರಿನಲ್ಲಿ ಜಾರಿ ತೋರಿಸಿದ.

ಅವನು ವೊಲಾಂಟ್ ಕಂಪನಿಗೆ ರೂಪಿಸಿದ 'ಸ್ಪ್ಯಾಚುಲಾ' 2002ರಲ್ಲಿ ಅಂಗಡಿಗೆ ಬಂತು. ನೂರ್‌ಹೈಮ್ ಕೊಟ್ಟ ಸೊಂಟ ಅದರಲ್ಲಿ ಇರಲಿಲ್ಲ. ಅಲ್ಲಿ ಹೊಟ್ಟೆ ಇತ್ತು. ಹಳೆಯ ಸ್ಕೀಯನ್ನು ನೆಲದ ಮೇಲಿಟ್ಟರೆ ನಡುಭಾಗ ಬಿಲ್ಲಿನಂತೆ ಎದ್ದಿರುತ್ತದೆ. ಸ್ಪ್ಯಾಚುಲಾ ಹಾಗಲ್ಲ, ತೂಗುಕುರ್ಚಿಯ ಕಾಲಿನಂತೆ ನಡುವೆ ನೆಲ ಮುಟ್ಟಿ ಎರಡೂ ತುದಿ ಮೇಲೇಳುತ್ತಿತ್ತು. ಇದಕ್ಕೆ ಈಗ 'ರಾಕರ್' ಎನ್ನುತ್ತಾರೆ. ಇಂದು ತಯಾರಾಗುವ ಬಹುತೇಕ ಎಲ್ಲ ಪುಡಿಹಿಮದ ಸ್ಕೀಗಳಲ್ಲಿ ಇದರ ಅಂಶವಿದೆ. ಮೆಕಾಂಕಿ 2009ರ ಮಾರ್ಚ್‌ನಲ್ಲಿ ಇಟಲಿಯ ಡಾಲಮೈಟ್ ಪರ್ವತದಲ್ಲಿ ಸ್ಕೀ ಕಟ್ಟಿಕೊಂಡು ಪ್ಯಾರಾಚೂಟ್ ಸಹಿತ ಕಡಿದಾದ ಬಂಡೆಯಿಂದ ಹಾರಿದಾಗ ಸ್ಕೀ ಕಳಚಿಕೊಳ್ಳದೆ ಸತ್ತ.

ಅವನ ಹಲಗೆಯ ವಿಶೇಷವೆಂದರೆ ಅದು ಆಟ, ಓಟ ಎರಡಕ್ಕೂ ನೆರವಾದದ್ದು. ಅದು ಅಡ್ಡಡ್ಡಲಾಗಿ ಸಲೀಸಾಗಿ ಜಾರುತ್ತಿತ್ತು. ಆಡುವವನಿಗೆ ಇದು ತಿರುಗುವ ಸ್ವಾತಂತ್ರ್ಯವಾಯಿತು. ಓಡುವವನಿಗೆ ಭಾರೀ ವೇಗದಲ್ಲೂ ಹಾಕಬಹುದಾದ ಬ್ರೇಕ್ ಆಯಿತು.

ಒಂದು ಬೇರು, ಎರಡು ಕೊಂಬೆ

ಮುಂದೆ ದಾರಿ ಮತ್ತೆ ಕವಲೊಡೆಯಿತು. 1998ರಲ್ಲಿ ಸಲೊಮೋನ್ ಕಂಪನಿ ಕೆನಡಾದ ಯುವಕರ ಒತ್ತಾಯದಿಂದ ಹಿಂದೆಮುಂದೆ ಎರಡೂ ತುದಿ ಎದ್ದಿರುವ 'ಟೆನ್ ಎಯ್ಟಿ' ಸ್ಕೀಯನ್ನು ಹೊರತಂದಿತ್ತು. ಗಾಳಿಯಲ್ಲಿ ಸುತ್ತಿ ಹಿಮ್ಮುಖವಾಗಿ ಇಳಿಯಲು ಅದು ಬೇಕಾಗಿತ್ತು. ಆ ಪೀಳಿಗೆಯ ಸ್ಕೀಪಟುಗಳು 2002ರಲ್ಲಿ ಅರ್ಮಾಡ ಎಂಬ ತಮ್ಮದೇ ಕಂಪನಿ ಕಟ್ಟಿದರು. ಹಿಮ್ಮುಖ ಆಟವನ್ನು ಪುಡಿಹಿಮಕ್ಕೂ ತಂದವರು ಇಂಥವರೇ.

ಇನ್ನೊಂದು ಕವಲು ಅಲಾಸ್ಕದ್ದು. ವಾಲ್ಡೀಜ್‌ನಲ್ಲಿ 1991ರಲ್ಲಿ ಕಡಿದಾದ ಇಳಿಜಾರಿನ ಮೊದಲ ವಿಶ್ವ ಸ್ಪರ್ಧೆ ನಡೆದು ಡಗ್ ಕೂಂಬ್ಸ್ ಗೆದ್ದ. ಅಂಥ ಗೋಡೆಯಂಥ ಇಳಿಜಾರಿನಲ್ಲಿ ಜಾರುವವನ ಜೊತೆಗೇ ಸಡಿಲ ಹಿಮವೂ ಹರಿದು ಬರುತ್ತದೆ. ಅದಕ್ಕಿಂತ ಮುಂದೆ ಇರಬೇಕಾದರೆ ವೇಗ ಬೇಕು. ಅಲ್ಲಿ ವೇಗ ಕೇವಲ ಹುಮ್ಮಸ್ಸಲ್ಲ, ಪ್ರಾಣ ಉಳಿಸಿಕೊಳ್ಳುವ ಉಪಾಯ.

ಇಂದಿನ ಆಟದ ಹಲಗೆಯನ್ನು ಗುರುತಿಸುವುದು ಕಷ್ಟವಲ್ಲ. ಎರಡೂ ತುದಿ ಮೇಲೆದ್ದು ಮೆದುವಾಗಿರುತ್ತವೆ. ಬೈಂಡಿಂಗ್ ಹಲಗೆಯ ನಡುಮಧ್ಯಕ್ಕೆ ಹತ್ತಿರ ಇರುತ್ತದೆ. ತೂಕ ಕಡಿಮೆ. ನಿಧಾನವಾಗಿ ಹೋದರೂ ಮಾತು ಕೇಳುತ್ತದೆ, ತಪ್ಪು ಹೆಜ್ಜೆಯನ್ನು ಕ್ಷಮಿಸುತ್ತದೆ. ಆದರೆ ವೇಗ ಏರಿದಾಗ ಮೂತಿ ಪಟಪಟ ಬಡಿದುಕೊಳ್ಳುತ್ತದೆ. ಹತ್ತಾರು ಜನ ಜಾರಿ ಕಲಕಿದ ಗಂಟುಗಂಟು ಹಿಮದಲ್ಲಿ ಅತ್ತಿತ್ತ ಓಲಾಡುತ್ತದೆ.

ಓಟದ ಹಲಗೆ ಉದ್ದ, ಬಿಗಿ, ಭಾರ. ಹಲವು ಮಾದರಿಗಳಲ್ಲಿ ಮರದ ಜೊತೆ ಲೋಹದ ಹಾಳೆ ಇರುತ್ತದೆ. ಮೂತಿ ಎದ್ದಿದ್ದರೂ ಬಾಲ ಚಪ್ಪಟೆ. ಬೈಂಡಿಂಗ್ ಹಿಂದಕ್ಕೆ ಸರಿದಿರುತ್ತದೆ. ಕಲಕಿದ ಹಿಮವನ್ನು ಅದು ತುಳಿದುಕೊಂಡು ಹೋಗುತ್ತದೆ. ಆದರೆ ವೇಗವಿಲ್ಲದಿದ್ದರೆ ಕೊರಡಿನಂತೆ ಬಿದ್ದಿರುತ್ತದೆ. ಮೈ ಹಿಂದಕ್ಕೆ ವಾಲಿದರೆ ಸವಾರನ ಹತೋಟಿ ತಪ್ಪುತ್ತದೆ.

ಯಾರಿಗೆ ಯಾವುದು?

ಈ ಆಯ್ಕೆಗೆ ದೂರದ ಉದಾಹರಣೆ ಬೇಡ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲೇ ಸ್ಕೀ ಕ್ಲಬ್ ಕಟ್ಟಿದ್ದರು. ಅಲ್ಲಿನ ಗಂಡೋಲಾದ ಎರಡನೆಯ ಹಂತ 2005ರಲ್ಲಿ ಆರಂಭವಾದ ಮೇಲೆ ಸುಮಾರು 13,000 ಅಡಿ ಎತ್ತರದ ಅಫರ್ವಾತ್ ಶಿಖರದ ಹೆಗಲಿಗೆ ಕುಳಿತೇ ಏರಬಹುದು. ಮೇಲ್ಭಾಗ ಮರಗಳಿಲ್ಲದ ಬಯಲು ಇಳಿಜಾರು; ಓಟದ ಹಲಗೆಗೆ ಹೇಳಿ ಮಾಡಿಸಿದಂತಿದೆ. ಕೆಳಗೆ ದಟ್ಟ ಕಾಡು. ಮರಗಳ ನಡುವೆ ಗಳಿಗೆಗೊಮ್ಮೆ ತಿರುಗಬೇಕಾದಲ್ಲಿ ಆಟದ ಹಲಗೆಯೇ ಮೇಲು. ಒಂದೇ ಗುಡ್ಡದಲ್ಲಿ ಎರಡಕ್ಕೂ ಎಡೆಯಿದೆ.

ಆದ್ದರಿಂದ ಜಾಗದ ಜೊತೆಗೆ ಜಾರುವವನ ತೂಕ, ಕಾಲಿನ ಕಸುವು, ಸಹಜ ವೇಗ ಇವನ್ನೂ ನೋಡಬೇಕು. ಆಗುವ ತಪ್ಪು ಸಾಮಾನ್ಯವಾಗಿ ಒಂದೇ. ತಾನು ಇರುವಂತೆ ಅಲ್ಲ, ತಾನು ಆಗಬೇಕೆಂದು ಕನಸು ಕಂಡಂತೆ ಜನ ಹಲಗೆ ಕೊಳ್ಳುತ್ತಾರೆ. ಸಿನಿಮಾದಲ್ಲಿ ಅಲಾಸ್ಕ ಕಂಡವನು ಓಟದ ಹಲಗೆ ತಂದು, ಕಾಡಿನ ನಡುವೆ ಅದನ್ನು ತಿರುಗಿಸಲಾರದೆ ಮಧ್ಯಾಹ್ನದೊಳಗೆ ಸುಸ್ತಾಗುತ್ತಾನೆ. ವರ್ಷಕ್ಕೆ ಒಂದು ವಾರ ಹಿಮ ಕಾಣುವವನಿಗೆ ಆಟದ ಹಲಗೆಯೇ ಲೇಸು. ಕೊಳ್ಳುವ ಬದಲು ಬಾಡಿಗೆಗೆ ಪಡೆದು ಎರಡನ್ನೂ ನೋಡುವುದು ಇನ್ನೂ ಲೇಸು.

ಮುರಿದುಬಿದ್ದ ಬೇಲಿ

ಇದಕ್ಕಿಂತ ದೊಡ್ಡ ಮಾತೊಂದಿದೆ. ಹಿಂದೆ ಪುಡಿಹಿಮದ ಕಷ್ಟವೇ ಒಂದು ಬೇಲಿಯಾಗಿತ್ತು. ವರ್ಷಗಟ್ಟಲೆ ಕಲಿತವನು ಮಾತ್ರ ಅಲ್ಲಿಗೆ ಹೋಗುತ್ತಿದ್ದ. ಕಲಿಯುವ ವರ್ಷಗಳಲ್ಲಿ ಹಿಮದ ಗುಣವನ್ನೂ ಅರಿಯುತ್ತಿದ್ದ. ಅಗಲ ಹಲಗೆ ಆ ಬೇಲಿಯನ್ನು ಮುರಿಯಿತು. ಜಾರುವ ವಿದ್ಯೆ ಸುಲಭವಾಯಿತು, ಹಿಮಪಾತದ ಸ್ವಭಾವ ಮಾತ್ರ ಬದಲಾಗಲಿಲ್ಲ.

ಪ್ರಾಣ ತೆಗೆಯುವ ಹಿಮಪಾತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಪುಡಿಹಿಮ ಬಯಸುವವರು ಹುಡುಕಿಕೊಂಡು ಹೋಗುವುದೂ ಅದೇ ಇಳಿಜಾರನ್ನು. ವಿಹಾರಕ್ಕೆ ಹೋಗಿ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರ ಮೇಲೆ ಬೀಳುವ ಹಿಮವನ್ನು ಕದಲಿಸಿದವರು ಅವರೇ, ಇಲ್ಲವೇ ಅವರ ಜೊತೆಗಾರರು. ಹೂತುಹೋದವನನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ವೇಗವಾಗಿ ಕುಗ್ಗುತ್ತದೆ. 2010ರ ಫೆಬ್ರುವರಿಯಲ್ಲಿ ಗುಲ್ಮಾರ್ಗ್ ಬಳಿ ಹಿಮಪಾತಕ್ಕೆ ಸಿಕ್ಕಿ 17 ಸೈನಿಕರು ಸತ್ತರು. ಅವರು ಹಿಮಯುದ್ಧದ ತರಬೇತಿಯಲ್ಲಿದ್ದವರು.

ಆದಕಾರಣ ಅನುಭವಿ ಮಾರ್ಗದರ್ಶಕರು ಹಲಗೆಯ ಮಾತಿಗೆ ಮೊದಲು ಬೇರೆ ಮೂರು ವಸ್ತುಗಳನ್ನು ಕೇಳುತ್ತಾರೆ. ಹೂತವರನ್ನು ಪತ್ತೆ ಮಾಡುವ ರೇಡಿಯೋ ಸಾಧನ, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಕಡ್ಡಿ, ಅಗೆಯಲು ಒಂದು ಸಲಿಕೆ. ಜೊತೆಗೆ ಅಂದಿನ ಹಿಮದ ಮುನ್ಸೂಚನೆ. ಇವಿಷ್ಟೂ ಇದ್ದು, ಇಳಿಜಾರು ಇಂದು ಬೇಡವೆಂದು ತೋರಿದರೆ ಹಿಂತಿರುಗುವ ಮನಸ್ಸೂ ಇದ್ದರೆ, ಅನಂತರ ಆಟದ ಹಲಗೆಯೋ ಓಟದ ಹಲಗೆಯೋ ಎಂದು ನೆಮ್ಮದಿಯಾಗಿ ವಾದ ಮಾಡಬಹುದು.